ಚಾಪೆ ಹಿಡಿದು ಬಂದ ದೆವ್ವದ ಗುಣದೋಷಗಳು

ಮೇ ೯, ಶನಿವಾರ

ಇಂದು ಕುಮಟೆಯಲ್ಲಿ ನಮ್ಮ ಸಿನಿಮಾ ಬಳಗದ ಸಭೆ. ಎಂದಿನಂತೆ ಸದಸ್ಯರಿಗಿಂತ ಕುರ್ಚಿಗಳೇ ಹೆಚ್ಚು ಬಂದಿದ್ದವು. ಜೂನ್ ಹದಿನಾಲ್ಕರ ಭಾನುವಾರ ಇಂಡೋನೇಷ್ಯದ ಒಂದು ದೆವ್ವದ ಚಿತ್ರ ತೋರಿಸುವುದು, ಆಮೇಲೆ ಒಬ್ಬರು ಅದರ ಗುಣದೋಷಗಳನ್ನು ವಿವರಿಸುವುದು ಎಂದು ತೀರ್ಮಾನವಾಯಿತು. ಆ ಒಬ್ಬರು ನಾನೇ. "ಪ್ರದೀಪ ಭಟ್ಟರೇ, ದೋಷ ಹುಡುಕುವುದರಲ್ಲಿ ನಿಮ್ಮನ್ನು ಮೀರಿಸುವವರು ಈ ತಾಲೂಕಿನಲ್ಲೇ ಇಲ್ಲ" ಎಂದರು ಅಧ್ಯಕ್ಷರು. ಹೊಗಳಿಕೆಯೆಂದೇ ತೆಗೆದುಕೊಂಡಿದ್ದೇನೆ. ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವನಿಗೆ ಸಿನಿಮಾದ ಬಗ್ಗೆ ಮಾತಾಡಲು ಕರೆ ಬರುವುದೆಂದರೆ ಸಣ್ಣ ಸಂಗತಿಯಲ್ಲ. ಧಾರವಾಡದಿಂದ ಒಬ್ಬ ದೊಡ್ಡ ವಿಮರ್ಶಕರೂ ಬರುತ್ತಾರಂತೆ. ಕಳೆದ ಸಲ ನಾನು ಮಾತಾಡುವಾಗ ನಮ್ಮ ಖಜಾಂಚಿ ಗೊರಕೆ ಹೊಡೆದಿದ್ದರು. ದೆವ್ವದ ಚಿತ್ರವಾದ್ದರಿಂದ ಈ ಸಲ ಎಚ್ಚರವಾಗಿರಬಹುದು.

ಹೊಳನಗದ್ದೆಯ ಮನೆಗೆ ಬಂದು ಸುದ್ದಿ ಹೇಳಿದೆ. ಹೆಂಡತಿ ಮಾಲಿನಿ ಆಯಿಗೆ, ಅಂದರೆ ನನ್ನ ತಾಯಿಗೆ, ಕಾಲು ತೊಳೆಯಲು ಬಿಸಿನೀರು ಒಯ್ಯುತ್ತಿದ್ದಳು. "ಸೈ, ಮನೆ ದೋಷ ಎಲ್ಲಾ ಮುಗತ್ತು" ಎಂದು ಹೇಳಿ ಒಳಗೆ ಹೋದಳು. ಮಗಳು ಸಂಪದಾ ನಕ್ಕಳು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಂಡತಿಗೆ ಕಲೆಯಲ್ಲಿ ಆಸಕ್ತಿ ಹುಟ್ಟಲಿಲ್ಲ.

ಆಯಿ ಈಗ ನಮ್ಮಲ್ಲಿದ್ದಾಳೆ. ವೈಶಾಖ ನನ್ನ ಪಾಳಿ.

ಮೇ ೧೦, ಭಾನುವಾರ

ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಚಿತ್ರ ನೋಡಿದೆ. ಅದರ ಹೆಸರು ನನ್ನ ನಾಲಗೆಯಲ್ಲಿ ನಿಲ್ಲುವುದಿಲ್ಲ. ಸಂಪದಾ 'ಚಾಪೆ ಪಿಚ್ಚರ್' ಎಂದು ಕರೆದಿದ್ದಾಳೆ, ಅದೇ ಇರಲಿ.

ಕಥೆ ಇಷ್ಟು. ಜಾವಾದ ಒಂದು ಪೇಟೆಯಲ್ಲಿ ಒಬ್ಬ ವಿಧವೆ. ಮೂವರು ಮಕ್ಕಳು, ಇಬ್ಬರು ಗಂಡು, ಒಬ್ಬಳು ಹೆಣ್ಣು. ಮುದುಕಿ ತನ್ನ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಪಾಳಿಯ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಇರುತ್ತಾಳೆ. ಒಮ್ಮೆ ಹಿರಿಯ ಮಗ ಪಾಳಿ ಮುಗಿಯುವ ಮುಂಚೆಯೇ ಅವಳನ್ನು ಬಸ್ ನಿಲ್ದಾಣದಲ್ಲಿ ಇಳಿಸಿ ಹೋಗುತ್ತಾನೆ. ಪಾಳಿ ಇನ್ನೂ ಶುರುವಾಗಿಲ್ಲವೆಂದು ಕಿರಿಯವನು ಕರೆಯಲು ಬರುವುದಿಲ್ಲ. ಮುದುಕಿ ಮಳೆಯಲ್ಲಿ ಅಲ್ಲೇ ಕೂತು ಸಾಯುತ್ತಾಳೆ. ಆಮೇಲೆ ದೆವ್ವವಾಗಿ ಬರುತ್ತಾಳೆ, ಅದೂ ಪಾಳಿಯ ಪ್ರಕಾರ! ಯಾರ ಕುತ್ತಿಗೆಯನ್ನೂ ಹಿಚುಕುವುದಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಮಲಗುತ್ತಾಳೆ, ಅಷ್ಟೇ. ಮಕ್ಕಳು ಹೆದರಿ ಮಂತ್ರವಾದಿಯನ್ನು ಕರೆಸುತ್ತಾರೆ. ನಿಮ್ಮಲ್ಲಿ ಯಾರಾದರೂ ಒಬ್ಬರು 'ಇರು' ಎಂದರೆ ಸಾಕು, ಅವಳು ತೃಪ್ತಿಯಾಗಿ ಹೊರಟುಹೋಗುತ್ತಾಳೆ ಎನ್ನುತ್ತಾನೆ ಅವನು. ಹೇಳಿದ ಮೇಲೆ ನಿಜವಾಗಿ ಇದ್ದುಬಿಟ್ಟರೆ ಏನು ಗತಿ ಎಂದು ಹೆದರಿ ಯಾರೂ ಆ ಮಾತು ಹೇಳುವುದಿಲ್ಲ. ಕೊನೆಗೆ ಮೂರು ಮನೆಗಳಿಗೂ ಬೆಂಕಿ ಬೀಳುತ್ತದೆ. ಕಿವಿ ಹರಿಯುವಷ್ಟು ಸಂಗೀತ.

ಗುಣ: ಚಾಪೆ ಬಿಚ್ಚುವಾಗಿನ ಸದ್ದು. ಮೈ ಜುಂ ಎನ್ನುತ್ತದೆ.

ದೋಷ: ಬೇಕಾದಷ್ಟಿವೆ. ಮೊದಲನೆಯದಾಗಿ, ದೆವ್ವ ತನ್ನ ಹಾಸಿಗೆಯನ್ನು ತಾನೇ ಹೊತ್ತು ತಿರುಗುವುದು ನಂಬುವ ಮಾತಲ್ಲ. ಎರಡನೆಯದಾಗಿ, ಮಕ್ಕಳೆಲ್ಲ ಕಲ್ಲು ಹೃದಯದವರು. ಮೂವರಲ್ಲಿ ಒಬ್ಬನಾದರೂ ವಿದ್ಯಾವಂತ, ವಿಚಾರವಂತ ಇರಬೇಕಿತ್ತು. ಪಾತ್ರಪೋಷಣೆ ದುರ್ಬಲ.

ಮೇ ೧೬, ಶನಿವಾರ, ಅಮಾವಾಸ್ಯೆ

ನಾಳೆ ಆಯಿ ಹೊನ್ನಾವರಕ್ಕೆ, ತಮ್ಮ ಅನೂಪನ ಮನೆಗೆ ಹೋಗಬೇಕು. ಜ್ಯೇಷ್ಠ ಅವನ ಪಾಳಿ. ಆಷಾಢ ಭಟ್ಕಳದಲ್ಲಿರುವ ತಂಗಿ ಮಹಾಲಕ್ಷ್ಮಿಯದು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ. ಊರಿನ ಮನೆ ಹೆದ್ದಾರಿ ಅಗಲ ಮಾಡುವಾಗಲೇ ಹೋಗಿತ್ತು. ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದ ಮೇಲೆ ಆಯಿಯಲ್ಲೂ ಸಮಪಾಲು ಆಗಲಿ ಎಂದು ಮೂವರೂ ಕೂತು ಮಾಡಿಕೊಂಡ ವ್ಯವಸ್ಥೆ ಇದು. ಮೊದಲು ಇಂಗ್ಲಿಷ್ ತಿಂಗಳ ಲೆಕ್ಕ ಹಾಕಿದ್ದೆವು. ಮೂವತ್ತೊಂದು ದಿನದ ತಿಂಗಳೆಲ್ಲ ತನ್ನ ತಲೆಗೇ ಬರುತ್ತದೆ ಎಂದು ಅನೂಪ ಜಗಳ ತೆಗೆದ. ಹಾಗಾಗಿ ಪಂಚಾಂಗದ ತಿಂಗಳಿಗೆ ಬಂದೆವು. ಪಾಡ್ಯಕ್ಕೆ ಬರುವುದು, ಅಮಾವಾಸ್ಯೆಗೆ ಮುಗಿಯುವುದು. ಇಷ್ಟು ಸುಸೂತ್ರವಾದ ವ್ಯವಸ್ಥೆ ನಮ್ಮ ಬಂಧುಬಳಗದಲ್ಲಿ ಬೇರೆ ಯಾರಲ್ಲೂ ಇಲ್ಲ.

ಆಯಿ ಬೆಳಿಗ್ಗೆಯೇ ಚೀಲ ತುಂಬಿ, ತನ್ನ ದಿಂಬನ್ನು ಹಳೆಯ ಸೀರೆಯಲ್ಲಿ ಸುತ್ತಿ ಜಗಲಿಯಲ್ಲಿ ಇಟ್ಟುಕೊಂಡಿದ್ದಳು. ಬೂರುಗದ ಹತ್ತಿಯ ದಿಂಬು, ಅಪ್ಪ ಇದ್ದಾಗ ಮನೆಯಲ್ಲೇ ಹೊಲಿದದ್ದು. ಮೂರೂ ಮನೆಗೆ ಅದನ್ನು ಹೊತ್ತುಕೊಂಡೇ ಹೋಗುತ್ತಾಳೆ. ಆಗ ಅನೂಪನ ಫೋನು ಬಂತು.

"ಅಣ್ಣಯ್ಯಾ, ಪಂಚಾಂಗ ನೋಡಿದ್ಯ? ನಾಳೆಯಿಂದ ಅಧಿಕ ಜ್ಯೇಷ್ಠ. ನಂದು ನಿಜ ಜ್ಯೇಷ್ಠ."

"ಜ್ಯೇಷ್ಠ ಹೇಳಿರೆ ಜ್ಯೇಷ್ಠ ಅಲ್ದನಾ?"

"ಅಲ್ಲ. ಅಧಿಕ ಮಾಸಕ್ಕೆ ಒಡೆಯ ಇಲ್ಲೆ. ಮದುವೆ ಇಲ್ಲೆ, ಮುಂಜಿ ಇಲ್ಲೆ, ಮನೆ ಒಕ್ಕಲು ಇಲ್ಲೆ. ಅಂಥಾ ತಿಂಗಳಲ್ಲಿ ಆಯಿನ ಕರ್ಕಂಡು ಬಪ್ಪದು ಸರಿ ಅಲ್ಲ. ಶಾಸ್ತ್ರ ಬಿಡಲೆ ಆಗ್ತಿಲ್ಲೆ."

ಅನೂಪ ತನ್ನ ಜನಿವಾರವನ್ನು ಕೊನೆಯ ಸಲ ನೋಡಿದ್ದು ಮದುವೆಯ ಫೋಟೋದಲ್ಲಿ. ಅವನ ಬಾಯಲ್ಲಿ ಶಾಸ್ತ್ರ! ಮಹಾಲಕ್ಷ್ಮಿಗೆ ಫೋನು ಮಾಡಿದೆ. "ನಂದು ಆಷಾಢ, ಅಣ್ಣಯ್ಯಾ. ಒಂದು ಸಲ ಪಾಳಿ ತಪ್ಪಿರೆ ಎಲ್ಲಾ ತಪ್ತು. ಮನೆಗೆ ಬಣ್ಣ ಬೇರೆ ಹೊಡೆಸ್ತಾ ಇದ್ಯ" ಎಂದಳು. ಅಧಿಕ ಮಾಸ ಬಂದರೆ ಅದು ಯಾರ ಪಾಲಿಗೆ ಎಂದು ಅಂದು ಕೂತವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಲೆಕ್ಕದ ಮೇಷ್ಟರಾದ ನನಗೂ ಹೊಳೆದಿರಲಿಲ್ಲ.

ಆಯಿಗೆ, "ಪಂಚಾಂಗದಲ್ಲಿ ಸ್ವಲ್ಪ ತೊಂದ್ರೆ ಇದ್ದು ಆಯಿ" ಎಂದೆ.

"ಪಂಚಾಂಗದಲ್ಲಿ ಎಂತ ತೊಂದ್ರೆಯೂ ಇಲ್ಲೆ ತಮಾ" ಎಂದು ಅವಳು ದಿಂಬು ಎತ್ತಿಕೊಂಡು ಕೋಣೆಗೆ ಹೋದಳು.

ಮೇ ೧೮, ಸೋಮವಾರ

ಭಾಷಣದ ದೋಷಗಳ ಭಾಗ ಬರೆಯಲು ಕೂತೆ. ಸುಲಭವಾಗಿ ಬರುತ್ತಿದೆ. 'ತಾಯಿಯನ್ನು ಪಾಳಿಗೆ ಹಾಕಿಕೊಳ್ಳುವ ಸಂಸಾರವೊಂದನ್ನು ಕಲ್ಪಿಸಿದ ನಿರ್ದೇಶಕರು ಅದನ್ನು ನಂಬಿಸಲು ಸೋತಿದ್ದಾರೆ' ಎಂಬ ವಾಕ್ಯ ಚೆನ್ನಾಗಿ ಬಂತು. ಸಂಪದಾಳಿಗೆ ಓದಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅಪ್ಪಾ, ಇದು ನಿಜವಾಗ್ಲೂ ಸಭೆಯಲ್ಲಿ ಓದುದಾ?"

"ಎಂತಕ್ಕೆ?"

"ಎಂತಿಲ್ಲೆ" ಎಂದು ಫೋನು ಹಿಡಿದುಕೊಂಡು ಎದ್ದು ಹೋದಳು. ನಮ್ಮಲ್ಲಿ ಪಾಳಿ ಇರುವುದು ಪ್ರೀತಿಗೆ, ಎಲ್ಲರಿಗೂ ಆಯಿ ಸಿಗಲಿ ಎಂದು. ಚಿತ್ರದಲ್ಲಿರುವುದು ಬೇರೆ. ಈ ಸೂಕ್ಷ್ಮ ಹುಡುಗರಿಗೆ ತಿಳಿಯುವುದಿಲ್ಲ.

ಸಂಜೆ ಮಾಲಿನಿಗೆ, ಈ ತಿಂಗಳೂ ಆಯಿ ನನ್ನ ಪಾಳಿಗೇ ಬಂದ ಹಾಗಾಯಿತು, ನನಗೆ ಎಷ್ಟು ಹೊರೆ ನೋಡು ಎಂದೆ. "ಪಾಳಿ ನಿಂಗಳದ್ದು, ಕೆಲ್ಸ ನಂದು" ಎಂದಳು. ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಮೇ ೨೧, ಗುರುವಾರ

ಆಯಿ ಇನ್ನೂ ಚೀಲ ಬಿಚ್ಚಿಲ್ಲ. ಬೇಕಾದ ಸೀರೆಯನ್ನು ಚೀಲದಿಂದ ತೆಗೆದು, ಒಗೆದು ಒಣಗಿಸಿ, ಮತ್ತೆ ಚೀಲಕ್ಕೇ ತುಂಬುತ್ತಾಳೆ. ಗೋಡೆಗೆ ಕಪಾಟು ಇದೆ, ಖಾಲಿಯೂ ಇದೆ. ಹೇಳಿದರೆ, "ಇರ್ಲಿ ತಮಾ, ಎಷ್ಟೊತ್ತಿಗೆ ಎಂತ ಆಗ್ತೋ" ಎನ್ನುತ್ತಾಳೆ.

ಮೇ ೨೪, ಭಾನುವಾರ

ಇಂದಿನದನ್ನು ವಿವರವಾಗಿ ಬರೆಯಬೇಕು.

ಅಧಿಕ ಮಾಸದ ಪ್ರಶ್ನೆ ತೀರ್ಮಾನಿಸಲು ಎಲ್ಲರೂ ಹೊನ್ನಾವರದಲ್ಲಿ ಅನೂಪನ ಮನೆಯಲ್ಲಿ ಸೇರಿದೆವು. ಆಯಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆ. ತೀರ್ಮಾನವಾದರೆ ಅಲ್ಲೇ ಇರಬಹುದು ಎಂದು ಚೀಲ, ದಿಂಬು ಸಮೇತ. ಇದಕ್ಕೆ ಮೊದಲೇ ನಾನು ತಮ್ಮನಿಗೂ ತಂಗಿಗೂ ಚಾಪೆ ಪಿಚ್ಚರಿನ ಲಿಂಕ್ ಕಳಿಸಿದ್ದೆ. ಭಾಷಣಕ್ಕೆ ಮುಂಚೆ ಸಾಮಾನ್ಯ ಪ್ರೇಕ್ಷಕರ ಅಭಿಪ್ರಾಯ ತಿಳಿಯುವುದು ಒಳ್ಳೆಯದು ಎಂಬ ಶುದ್ಧ ಉದ್ದೇಶ ನನ್ನದು.

ಅನೂಪನ ಹೆಂಡತಿ ಗಾಯತ್ರಿ ಹಲಸಿನ ಹಪ್ಪಳ ಸುಟ್ಟು ತಂದಿಟ್ಟಳು. ಅನೂಪ ಒಂದು ಹಪ್ಪಳ ಮುರಿದು, "ಪಿಚ್ಚರ್ ಅಡ್ಡಿಲ್ಲೆ ಅಣ್ಣಯ್ಯಾ. ದೊಡ್ಡ ಗುಣ ಹೇಳಿರೆ ಹಿರಿ ಮಗನ ಪಾತ್ರ. ಬಾಯಲ್ಲಿ ಬರೀ ದೊಡ್ಡ ದೊಡ್ಡ ಮಾತು, ಅವಧಿಗೆ ಮುಂಚೆ ಬಸ್ ಸ್ಟ್ಯಾಂಡಲ್ಲಿ ಇಳ್ಸಿ ಹೋಗ್ತ. ಅಂಥವ್ವು ಇರ್ತ" ಎಂದ.

ನನಗೆ ಸಿಟ್ಟು ಬಂತು. "ಕಿರಿಯವನ ಪಾತ್ರ ಅದಕ್ಕಿಂತ ಚೊಲೋ ಬಂಜು. ಕಾರು ಇದ್ದರೂ ಕರಕಂಡು ಬಪ್ಪಲೆ ಹೋಗ್ತ್ನಿಲ್ಲೆ, ನೆಪ ಹುಡುಕ್ತ" ಎಂದೆ.

"ಅದೆಲ್ಲಾ ಸರಿ" ಎಂದು ಮಹಾಲಕ್ಷ್ಮಿ ಶುರುಮಾಡಿದಳು, "ಮಗಳನ್ನ ಹಾಂಗೆ ತೋರ್ಸಿದ್ದು ಮಾತ್ರ ದೊಡ್ಡ ದೋಷ. ಹೆಣ್ಣುಮಕ್ಕಳಿಗೆ ಅವರ ಮನೆ ತಾಪತ್ರಯ ಎಷ್ಟಿರ್ತು! ಇಬ್ರು ಗಂಡುಮಕ್ಕ ಇದ್ದೂ ಮಗಳ ಮನೆಗೆ ಕಳಸುದು ನಾಚಿಕೆ ಅಲ್ದಾ?"

"ಆಸ್ತಿ ಪಾಲು ತಗಂಬಕಾರೆ ನಾಚಿಕೆ ಆಜಿಲ್ಯನಾ?" ಎಂದ ಅನೂಪ.

ಅಲ್ಲಿಂದ ಮುಂದೆ ಯಾರು ಚಿತ್ರದ ಬಗ್ಗೆ ಮಾತಾಡುತ್ತಿದ್ದಾರೆ, ಯಾರು ಮನೆಯ ಬಗ್ಗೆ ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗದಂತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ತಮ್ಮ, ತಂಗಿ ಇಬ್ಬರೂ ಎರಡೂ ಹೆಗಲು ಮುಟ್ಟಿಕೊಂಡರು. ನಾನೊಬ್ಬನೇ ವಸ್ತುನಿಷ್ಠವಾಗಿ ಮಾತಾಡಿದವನು, ಆದರೆ ಕೂಗಿ ಕೂಗಿ ನನ್ನ ಗಂಟಲೂ ಕಟ್ಟಿತು. ಕೊನೆಗೆ ಮಾಲಿನಿ, "ಪಿಚ್ಚರಲ್ಲಿ ಸೊಸೆಕ್ಕ ಎಲ್ಲಿದ್ದ? ಇಡೀ ಪಿಚ್ಚರು ಅಡುಗೆ ಮನೆಯಲ್ಲೇ ಇದ್ದ. ಒಂದು ಮಾತಿಲ್ಲೆ ಅವಕ್ಕೆ" ಎಂದಳು. ಗಾಯತ್ರಿ ಹೌದೆಂದು ತಲೆಯಾಡಿಸಿದಳು. ಸೊಸೆಯಂದಿರ ವಿಷಯ ಒಳ್ಳೆಯ ಅಂಶ, ಟಿಪ್ಪಣಿ ಮಾಡಿಕೊಂಡಿದ್ದೇನೆ.

ಅಧಿಕ ಮಾಸದ ವಿಷಯ ತೀರ್ಮಾನವಾಗಲಿಲ್ಲ. ಹೊರಡುವಾಗ ನೋಡಿದರೆ ಆಯಿ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತಿದ್ದಳು, ದಿಂಬು ತೊಡೆಯ ಮೇಲೆ. ಬಂದಾಗಿನಿಂದ ಅದನ್ನು ಯಾರೂ ಒಳಗೆ ತೆಗೆದಿಟ್ಟಿರಲಿಲ್ಲ. ನಾನೂ ಇಟ್ಟಿರಲಿಲ್ಲ.

ಹೊನ್ನಾವರ ಹಿಂದೆ ಬಿದ್ದ ಮೇಲೆ ಆಯಿ ಕೇಳಿದಳು, "ಅಷ್ಟೆಲ್ಲಾ ಜಗಳ ಆಡಿದ್ರಲಾ, ಅದೆಂತಾ ಪಿಚ್ಚರಾ?"

"ದೆವ್ವದ್ದು ಆಯಿ."

"ನಂಗೂ ತೋರ್ಸು. ದೆವ್ವ ಕಂಡು ಹೆದ್ರುವ ಪ್ರಾಯ ಮುಗತ್ತು."

ಮೇ ೨೯, ಶುಕ್ರವಾರ

ಮಾಲಿನಿ ತವರಿಗೆ ಹೋಗಿದ್ದಾಳೆ, ಎರಡು ದಿನ ಬರುವುದಿಲ್ಲ. ಹೊನ್ನಾವರದ ಸಭೆಯಿಂದ ಅವಳಿಗೆ ಸುಸ್ತಾಗಿದೆಯಂತೆ. ಮಾತಾಡಿದವರು ನಾವು, ಸುಸ್ತಾದದ್ದು ಅವಳಿಗೆ.

ಆಯಿಗೆ ನಾನೇ ಕಷಾಯ ಮಾಡಿಕೊಟ್ಟೆ. ಬೆಲ್ಲ ಹೆಚ್ಚಾಯಿತು ಎಂದಳು. ಸಂಜೆಯದು ಸರಿಯಾಯಿತು. ಆಯಿಗೆ ಹಾಲು ಕಮ್ಮಿ ಇರಬೇಕು, ಕೊತ್ತಂಬರಿ ಬೀಜ ಜಾಸ್ತಿ ಇರಬೇಕು, ಲೋಟ ಸಣ್ಣದಿರಬೇಕು. ಐವತ್ತೆರಡು ವರ್ಷದಲ್ಲಿ ಇದು ನನಗೆ ಗೊತ್ತಿರಲಿಲ್ಲ. ಗೊತ್ತಿರುವ ಅಗತ್ಯವೂ ಬಂದಿರಲಿಲ್ಲ ಎನ್ನಬೇಕು.

ಭಾಷಣ ಬರೆಯಲು ಹೊತ್ತು ಸಿಗಲಿಲ್ಲ.

ಜೂನ್ ೪, ಗುರುವಾರ

ಮಳೆ ಹಿಡಿಯಿತು. ಮಧ್ಯಾಹ್ನದ ಊಟವಾದ ಮೇಲೆ ಆಯಿಯನ್ನು ಟಿವಿಯ ಮುಂದೆ ಕೂರಿಸಿ ಚಾಪೆ ಪಿಚ್ಚರ್ ಹಾಕಿದೆ. ಅವಳು ಕವಳದ ತಟ್ಟೆಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಎಲೆಗೆ ಸುಣ್ಣ ಹಚ್ಚುತ್ತಾ ನೋಡಲು ಶುರುಮಾಡಿದಳು. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಓದಿ ಕನ್ನಡದಲ್ಲಿ ಹೇಳಬೇಕೆಂದು ಒಪ್ಪಂದ.

ಮುದುಕಿ ಚಾಪೆ ಹಿಡಿದು ಹಿರಿಯ ಮಗನ ಬಾಗಿಲಿಗೆ ಬಂದಳು. ಮಗ, 'ಇನ್ನೂ ನಮ್ಮ ಸರದಿ ಬಂದಿಲ್ಲವಲ್ಲ' ಎಂದ.

"ಎಂತ ಹೇಳಿದ ಅವ?" ಎಂದಳು ಆಯಿ.

ನನಗೆ ಏನಾಯಿತೋ. "ಬಾ ಅಮ್ಮ, ಒಳಗೆ ಬಾ ಹೇಳಿದ" ಎಂದುಬಿಟ್ಟೆ.

"ಒಳಗೆ ಬಾ ಹೇಳಿ ಬಾಗ್ಲು ಹಾಕ್ತ್ವನಾ ಆ ಊರಲ್ಲಿ?"

"ಗಾಳಿ, ಆಯಿ."

ಒಂದು ಸುಳ್ಳು ಹೇಳಿದರೆ ಮುಂದಿನದಕ್ಕೆ ದಾರಿ ಆಗುತ್ತದೆ. ಮಗಳು ಫೋನಿನಲ್ಲಿ ಅಣ್ಣಂದಿರ ಹತ್ತಿರ 'ಅವಳನ್ನು ನನ್ನ ಮೇಲೆ ಹೇರಬೇಡಿ' ಎಂದು ಅತ್ತಾಗ, "ಅಮ್ಮನ ನೆನಪಾಗ್ತು ಹೇಳ್ತಾ ಇದ್ದು" ಎಂದೆ. ಬಸ್ ನಿಲ್ದಾಣದಲ್ಲಿ ಹಿರಿಯವನು ಅವಳನ್ನು ಇಳಿಸಿ ಹೋದಾಗ, "ತಿಂಡಿ ತಪ್ಪಲೆ ಅಂಗಡಿಗೆ ಹೋದ" ಎಂದೆ. ಪರದೆಯ ಮೇಲೆ ಮಳೆ, ಹೊರಗೂ ಮಳೆ. ಮುದುಕಿ ಬೆಂಚಿನಲ್ಲಿ ಕೂತೇ ಇದ್ದಳು, ಚಾಪೆಯನ್ನು ನೆನೆಯದಂತೆ ಹೊದ್ದ ಬಟ್ಟೆಯೊಳಗೆ ಸೇರಿಸಿಕೊಳ್ಳುತ್ತಿದ್ದಳು. ಮೊದಲ ಸಲ ನೋಡಿದಾಗ ಈ ದೃಶ್ಯ ಉದ್ದವಾಯಿತು ಎಂದು ದೋಷಗಳ ಪಟ್ಟಿಗೆ ಸೇರಿಸಿದ್ದೆ.

"ತಮಾ, ತಿಂಡಿ ತಪ್ಪಲೆ ಹೋದವ ಬಂದನಾ?" ಎಂದು ಆಯಿ ಕೇಳಿದಳು.

ನಾನು ರಿಮೋಟ್ ಹುಡುಕತೊಡಗಿದೆ. ಅವಳು ನಕ್ಕಳು. "ನಂಗೆ ಆ ಭಾಷೆ ಬತ್ತಿಲ್ಲೆ. ಮುಖ ಓದಲೆ ಬತ್ತು. ನೀ ಸುಮ್ನೆ ಕೂತ್ಕ."

ಆಮೇಲೆ ನಾನು ಸುಮ್ಮನೆ ಕೂತೆ, ಅವಳು ಮುಖಗಳನ್ನು ಓದಿದಳು. ಬೆಂಕಿ, ಕೂಗಾಟ ಬಂದಾಗ, "ಇದೆಲ್ಲಾ ಬ್ಯಾಡಾಗಿತ್ತು" ಎಂದಳು. ಇದು ನನ್ನ ಅಭಿಪ್ರಾಯವೂ ಹೌದು.

ಮುಗಿದ ಮೇಲೆ, "ಹೆಂಗಿದ್ದು ಆಯಿ?" ಎಂದೆ.

"ಅಡ್ಡಿಲ್ಲೆ. ಆ ಹೆಂಗಸು ಚೊಲೋ ಮಾಡಿದ್ದು. ಒಂದೇ ತಪ್ಪು. ಸತ್ತ ಮೇಲೂ ಪಾಳಿ ಪ್ರಕಾರ ಬತ್ತಲಾ, ಎಂತಕ್ಕೆ? ಸತ್ತ ಮೇಲೂ ಒಂದು ಕಡೆ ಇಪ್ಪಲೆ ಆಗ್ತಿಲ್ಲೆ ಹೇಳಾದ್ರೆ, ಸತ್ತು ಎಂತ ಉಪಯೋಗ?"

ನಾನು ತಮಾಷೆಗೆ, "ನೀನಾಗಿದ್ರೆ ಎಂತ ಮಾಡ್ತಿದ್ದೆ?" ಎಂದೆ.

ಆಯಿ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು, ಕವಳದ ತಟ್ಟೆ ಮುಚ್ಚಿದಳು. "ನಾನು ಬತ್ತಿದ್ನಿಲ್ಲೆ. ಯಾರ ಮನೆಗೂ ಬತ್ತಿದ್ನಿಲ್ಲೆ."

ಜೂನ್ ೫, ಶುಕ್ರವಾರ

ನಿದ್ದೆ ಬರಲಿಲ್ಲ. ಮಾಲಿನಿಯ ಗೊಜ್ಜಿಗೆ ಖಾರ ಹೆಚ್ಚಾಗಿತ್ತು.

ಜೂನ್ ೧೧, ಗುರುವಾರ

ಭಾಷಣವನ್ನು ಮತ್ತೆ ಬರೆದೆ. ಕೆಲವು ಸಣ್ಣ ತಾಂತ್ರಿಕ ಬದಲಾವಣೆ. ದೆವ್ವ ತನ್ನ ಹಾಸಿಗೆಯನ್ನು ತಾನೇ ಹೊತ್ತು ತಿರುಗುವುದನ್ನು ದೋಷಗಳಿಂದ ತೆಗೆದು ಗುಣಗಳಿಗೆ ಹಾಕಿದೆ. ಬಸ್ ನಿಲ್ದಾಣದ ದೃಶ್ಯವನ್ನೂ ಅಲ್ಲಿಗೇ ಸೇರಿಸಿದೆ. ಮಕ್ಕಳ ಪಾತ್ರಪೋಷಣೆ ದುರ್ಬಲ ಎಂಬುದನ್ನು ಹೊಡೆದುಹಾಕಿದೆ, ಯಾಕೆಂದರೆ ಭಾಷಣ ಉದ್ದವಾಗುತ್ತಿತ್ತು. ಪಾಳಿಯ ಬಗ್ಗೆ ಬರೆದಿದ್ದ ಆ ಚಂದದ ವಾಕ್ಯವೂ ಹೋಯಿತು. ಈಗ ದೋಷಗಳ ಕಡೆ ಸಂಗೀತ ಮತ್ತು ಬೆಂಕಿ ಮಾತ್ರ ಉಳಿದಿವೆ. ಅಧ್ಯಕ್ಷರಿಗೆ ನಿರಾಸೆಯಾಗಬಹುದು.

ಹಾಗೆಯೇ, ಸೊಸೆಯಂದಿರಿಗೆ ಮಾತೇ ಇಲ್ಲ ಎಂಬ ದೋಷವನ್ನು ಹೊಸದಾಗಿ ಸೇರಿಸಿದ್ದೇನೆ. ಮಾಲಿನಿಗೆ ಓದಿ ಹೇಳಿದೆ. "ನನ್ನ ಹೆಸರು ಹೇಳ್ತ್ರ?" ಎಂದಳು. ಹೇಳುತ್ತೇನೆ ಎಂದೆ. ಆಮೇಲೆ ಪಾತ್ರೆಗಳನ್ನು ನಾನೇ ಒರೆಸಿಟ್ಟೆ. ಮಳೆಯಲ್ಲಿ ಬೇರೆ ಕೆಲಸವೂ ಇರಲಿಲ್ಲ.

ಆಯಿಯ ಕಷಾಯದ ಕೊತ್ತಂಬರಿ ಮುಗಿದಿತ್ತು. ಪೇಟೆಯಿಂದ ತಂದೆ.

ಜೂನ್ ೧೪, ಭಾನುವಾರ

ಭಾಷಣವಾಯಿತು. ಮಳೆಯಾದ್ದರಿಂದ ಜನ ಕಮ್ಮಿ. ಆಯಿ ತಾನೂ ಬರುತ್ತೇನೆಂದು ಹಟ ಹಿಡಿದು ಬಂದು, ಮುಂದಿನ ಸಾಲಿನಲ್ಲೇ ಧಾರವಾಡದ ವಿಮರ್ಶಕರ ಪಕ್ಕ ಕೂತಿದ್ದಳು. ಚಿತ್ರ ನಡೆಯುವಾಗ ಮುಂದೇನಾಗುತ್ತದೆ ಎಂದು ಅವರಿಗೆ ಮೊದಲೇ ಹೇಳುತ್ತಿದ್ದಳಂತೆ.

ನಾನು ಬರೆದುಕೊಂಡದ್ದನ್ನೆಲ್ಲ ಓದಿದೆ. ಖಜಾಂಚಿ ಮಲಗಲಿಲ್ಲ. ಸೊಸೆಯಂದಿರ ವಿಷಯಕ್ಕೆ ಬಂದಾಗ ಮಾಲಿನಿಯ ಹೆಸರು ಹೇಳಿದೆ, ಹಿಂದಿನ ಸಾಲಿನ ಹೆಂಗಸರು ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ವಿಮರ್ಶಕರು ಎದ್ದು ಕೇಳಿದರು: "ಭಟ್ಟರೇ, 'ಇರು' ಎಂಬ ಒಂದು ಮಾತು. ಅದನ್ನು ಹೇಳಲು ಮಕ್ಕಳಿಗೆ ಎರಡು ಗಂಟೆ ಸಾಲುವುದಿಲ್ಲ. ಕಥೆಯನ್ನು ಹೀಗೆ ಎಳೆದದ್ದು ದೊಡ್ಡ ದೋಷ ಎಂದು ನಿಮಗೆ ಅನ್ನಿಸುವುದಿಲ್ಲವೇ?"

ಇದಕ್ಕೆ ನಾನು ಸಿದ್ಧತೆ ಮಾಡಿಕೊಂಡಿರಲಿಲ್ಲ. "ಇಲ್ಲ ಸಾರ್. ಎರಡು ಗಂಟೆ ಬಹಳ ಕಮ್ಮಿ ಆಯಿತು" ಎಂದುಬಿಟ್ಟೆ.

ಆಮೇಲೆ ವಿಮರ್ಶಕರು ನನ್ನ ಕೈ ಕುಲುಕಿ, ಇದು ಇಡೀ ಭಾಷಣದ ಒಳ್ಳೆಯ ಮಾತು ಎಂದರು. ಅದು ಬಾಯಿ ತಪ್ಪಿ ಬಂದದ್ದು ಎಂದು ಹೇಳಲು ಹೋಗಲಿಲ್ಲ. ಮುಂದಿನ ಸಾಲಿನ ಕಡೆ ನೋಡಲೂ ಇಲ್ಲ.

ಜೂನ್ ೧೫, ಸೋಮವಾರ, ಅಮಾವಾಸ್ಯೆ

ಅಧಿಕ ಮಾಸ ಮುಗಿಯಿತು. ಅನೂಪ ಫೋನು ಮಾಡಿ, "ನಾಳೆ ಬೆಳಿಗ್ಗೆ ಕಾರು ತಗಂಡು ಬತ್ತಿ. ನಿಜ ಜ್ಯೇಷ್ಠ ಬಂತಲಾ, ನಾ ಮಾತಿಗೆ ತಪ್ಪುವವ ಅಲ್ಲ" ಎಂದ. ಉಪಕಾರ ಮಾಡುವವನ ದನಿ.

ಆಯಿ ಚೀಲದ ಬಾಯಿ ಕಟ್ಟಿದಳು. ಕಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಬಿಚ್ಚಿದ್ದರೆ ತಾನೇ.

ಊಟವಾದ ಮೇಲೆ ಆಯಿ ಒರಗಿದ್ದಾಗ ಅವಳ ದಿಂಬು ಗಮನಿಸಿದೆ. ಎಣ್ಣೆಯ ಕಲೆ, ತಲೆ ಇಡುವಲ್ಲಿ ಕಪ್ಪು. ಅವಳು ಎದ್ದು ಬಚ್ಚಲಿಗೆ ಹೋದಳು. ಇಂಥ ದಿಂಬನ್ನು ಅನೂಪನ ಮನೆಗೆ ಕಳಿಸಿದರೆ ಅವರು ಏನೆಂದುಕೊಂಡಾರು? ಸ್ವಚ್ಛತೆಯ ದೃಷ್ಟಿಯಿಂದ ಅದನ್ನು ಒಗೆಯುವುದೇ ಸರಿ ಎನ್ನಿಸಿತು. ಗವಸು ಮಾತ್ರ ಒಗೆದರೆ ಸಾಲದು. ಹಿತ್ತಲ ಕಡೆ ಕೊಂಡುಹೋಗಿ ಇಡೀ ದಿಂಬನ್ನು ಬಾಲ್ದಿಯಲ್ಲಿ ಮುಳುಗಿಸಿದೆ. ಬೂರುಗದ ಹತ್ತಿ ತೇಲುತ್ತಿತ್ತು. ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕಾಯಿತು.

ಮಾಲಿನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊರಗೆ ಸೂರು ಹರಿದುಹೋಗುವಂತೆ ಮಳೆ.

"ಹತ್ತಿ ದಿಂಬು" ಎಂದಳು. "ಈ ಮಳೆಯಲ್ಲಿ."

"ಕೊಳೆ ಆಗಿತ್ತು."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ಇನ್ನು ಮುಂದೆ ಕಷಾಯ, ಬಿಸಿನೀರು, ಕಾಲಿಗೆ ಎಣ್ಣೆ ಯಾರು?"

"ನಾನು."

"ದಿನಾ?"

"ದಿನಾ."

"ಸೋಪಿನ ಪುಡಿ ಮೇಲಿನ ಹಲಗೆಯಲ್ಲಿದ್ದು" ಎಂದು ಹೇಳಿ ಒಳಗೆ ಹೋದಳು.

ಜೂನ್ ೧೬, ಮಂಗಳವಾರ, ಪಾಡ್ಯ

ಅನೂಪ ಬಂದ, ಚಹಾ ಕುಡಿದ. ಆಯಿ ಸೀರೆ ಬದಲಿಸಿ ಚೀಲ ಹಿಡಿದು ಬಂದು, "ದಿಂಬೆಲ್ಲಿ?" ಎಂದಳು. ರಾತ್ರಿ, ಗವಸು ಒಗೆದಿದ್ದೇನೆ ಎಂದು ಹೇಳಿ ನನ್ನದನ್ನು ಕೊಟ್ಟಿದ್ದೆ. ಆಯಿಯ ದಿಂಬು ಹಿತ್ತಲ ಸೂರಿನ ಕೆಳಗೆ ತಂತಿಯ ಮೇಲೆ ನೇತಾಡುತ್ತಿತ್ತು, ಕೆಳಗೆ ಹೊಂಡವಾಗುವಷ್ಟು ನೀರು ಸುರಿಸುತ್ತಾ.

"ನಮ್ಮನೆಯಲ್ಲಿ ದಿಂಬು ಇಲ್ಯನಾ ಆಯಿ?" ಎಂದ ಅನೂಪ.

"ಬೇರೆ ದಿಂಬಿಗೆ ನಂಗೆ ಕುತ್ತಿಗೆ ಹಿಡಿತು. ನಿನ್ನೆ ಒಂದೇ ರಾತ್ರಿಗೆ ಹಿಡದ್ದು."

"ಹಾಂಗಾರೆ ಒಣಗಿದ ಮೇಲೆ ಬತ್ತಿ" ಎಂದು ಅನೂಪ ಲಗುಬಗೆಯಿಂದ ಎದ್ದ. ಕಾರಿನ ತನಕ ಹೋದವನು ಕೊಡೆ ಹಿಡಿದು ತಿರುಗಿ ಬಂದ. "ಅಣ್ಣಯ್ಯಾ, ಹಾಂಗಾರೆ ನನ್ನ ಜ್ಯೇಷ್ಠ ವಜಾ ಆತಾ, ಮುಂದೆ ಹೋತಾ?"

"ವಜಾ" ಎಂದೆ. "ನಿಂದೂ ವಜಾ, ಮಹಾಲಕ್ಷ್ಮಿದೂ ವಜಾ. ಆಯಿನ ನೋಡಲೆ ಬನ್ನಿ, ಕರ್ಕಂಡು ಹೋಪಲೆ ಬ್ಯಾಡ."

ಅವನ ಮುಖದಲ್ಲಿ ಸಂತೋಷವೂ ಅನುಮಾನವೂ ಒಟ್ಟಿಗೆ ಬಂದವು. ಇದರಲ್ಲಿ ನನಗೇನು ಲಾಭ ಎಂದು ಹೊನ್ನಾವರದ ತನಕ ಯೋಚಿಸಿರುತ್ತಾನೆ.

ಆಯಿ ಹಿತ್ತಲಿಗೆ ಬಂದು ದಿಂಬನ್ನು ಹಿಂಡಿ ನೋಡಿದಳು. ಅವಳ ಕಣ್ಣು ತುಂಬಿತ್ತು, ಆದರೆ ದನಿಯಲ್ಲಿ ಬೈಗುಳವೇ ಇತ್ತು. "ಬೂರುಗದ ಹತ್ತಿಯನ್ನ ಮಳೆಗಾಲದಲ್ಲಿ ನೀರಿಗೆ ಹಾಕುವ ದಡ್ಡ ಈ ಸೀಮೆಯಲ್ಲೇ ಇಲ್ಲೆ. 'ಇರು' ಹೇಳಲೆ ಬಾಯಿ ಇಲ್ಯನಾ ನಿಂಗೆ?"

"ಒಣಗಲೆ ದೀಪಾವಳಿ ಆಗ್ತು ಆಯಿ."

"ಒಣಗಿದ ಮೇಲೆ?"

"ನಾನೇ ಮತ್ತೆ ತೋಯ್ಸ್ತಿ."

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಕಪಾಟಿನ ಬಾಗಿಲು ಕಿರುಗುಟ್ಟಿದ ಸದ್ದು ಕೇಳಿತು. ಸಂಪದಾ ಓಡಿ ಬಂದು, ಅಜ್ಜಿ ಸೀರೆಗಳನ್ನೆಲ್ಲ ಕಪಾಟಿನಲ್ಲಿ ಜೋಡಿಸುತ್ತಿದ್ದಾಳೆ ಎಂದಳು. ನನಗೆ ಕಷಾಯಕ್ಕೆ ನೀರಿಡುವ ಹೊತ್ತಾಗಿತ್ತು, ಎದ್ದೆ.

ಭಾಷಣ ಮುಗಿದ ಮೇಲೆ ಹೊಳೆದು ಪ್ರಯೋಜನವಿಲ್ಲ, ಆದರೂ ಬರೆದಿಡುತ್ತೇನೆ. ಆ ಚಿತ್ರದ ನಿಜವಾದ ದೋಷ ಸಂಗೀತವೂ ಅಲ್ಲ, ಬೆಂಕಿಯೂ ಅಲ್ಲ. ಅಷ್ಟೊಂದು ಮಳೆ ಸುರಿಯುವ ಊರಿನಲ್ಲಿ, ಆ ಮೂವರಲ್ಲಿ ಒಬ್ಬನಾದರೂ ಮುದುಕಿಯ ಚಾಪೆಯನ್ನು ಎತ್ತಿ ನೀರಿಗೆ ಹಾಕಬಹುದಿತ್ತು.